ಹೀಲಾ ಕೋಶ ಕೈಗೆ ತಾಗಿದರೆ ಕ್ಯಾನ್ಸರ್ ಬರುತ್ತದೆಯೇ? ಲ್ಯಾಬಿನಲ್ಲಿ ಮಾನವ ಸೆಲ್ ಲೈನ್‌ಗಳ ಜೊತೆ ಸುರಕ್ಷಿತ ಕೆಲಸ

ಬಯೋಟೆಕ್ನಾಲಜಿ ಎಂಎಸ್ಸಿಗೆ ಸೇರಿ ಮೊದಲ ಸಲ ಸೆಲ್ ಕಲ್ಚರ್ ಕೋಣೆಗೆ ಕಾಲಿಡುವ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಎರಡು ನಂಬಿಕೆಗಳು ಕಾಣುತ್ತವೆ. "ಇವು ಕ್ಯಾನ್ಸರ್ ಕೋಶಗಳಂತೆ, ಕೈಗೆ ತಾಗಿದರೆ ನಮಗೂ ಬಂದುಬಿಟ್ಟರೆ?" ಎಂಬ ಹೆದರಿಕೆ ಒಂದು. "ದುಡ್ಡು ಕೊಟ್ಟು ತರಿಸಿದ ಕೋಶ, ಎಲ್ಲ ಟೆಸ್ಟ್ ಆಗಿಯೇ ಬಂದಿರುತ್ತದೆ" ಎಂಬ ಧೈರ್ಯ ಇನ್ನೊಂದು. ಮಗಳು ಕ್ಯಾನ್ಸರ್ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ ಎಂದ ಕೂಡಲೇ ಮನೆಯವರು ಕೇಳುವುದೂ ಮೊದಲನೆಯ ಪ್ರಶ್ನೆಯನ್ನೇ. ಆದರೆ ಲ್ಯಾಬಿನಲ್ಲಿ ಹೆಚ್ಚು ಅಪಾಯ ತರುವುದು ಎರಡನೆಯ ನಂಬಿಕೆ. ಅದು ಯಾಕೆ ಎಂದು ನೋಡೋಣ.

ಸೆಲ್ ಲೈನ್ ಎಂದರೇನು?

ನಮ್ಮ ದೇಹದಿಂದ ತೆಗೆದ ಮಾಮೂಲಿ ಕೋಶಗಳನ್ನು ತಟ್ಟೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸಿದರೆ ಅವು ಒಂದಷ್ಟು ಸಲ ವಿಭಜನೆಯಾಗಿ ಆಮೇಲೆ ನಿಂತುಬಿಡುತ್ತವೆ. ಕೆಲವು ಕೋಶಗಳು ಮಾತ್ರ, ಹೆಚ್ಚಾಗಿ ಕ್ಯಾನ್ಸರ್ ಗಡ್ಡೆಯಿಂದ ಬಂದವು ಅಥವಾ ಲ್ಯಾಬಿನಲ್ಲಿ ವೈರಸ್ಸಿನ ಜೀನ್ ಸೇರಿಸಿ ಬದಲಾಯಿಸಿದವು, ನಿಲ್ಲದೆ ವಿಭಜನೆಯಾಗುತ್ತಲೇ ಹೋಗುತ್ತವೆ. ಹೀಗೆ ಒಂದೇ ಮೂಲದಿಂದ ಬೆಳೆಯುತ್ತಾ ಬಂದ ಕೋಶಗಳ ಸಂತತಿಯೇ ಸೆಲ್ ಲೈನ್.

ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಹೀಲಾ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆಯೇ ತೆಗೆದ ಕೋಶಗಳಿವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಕೋಶಗಳು ಇಂದಿಗೂ ಪ್ರಪಂಚದ ಸಾವಿರಾರು ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಇನ್ನೊಂದು ಜನಪ್ರಿಯ ಸೆಲ್ ಲೈನ್ ಎಚ್‌ಇಕೆ293. ಇದನ್ನು 1973ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ, ಭ್ರೂಣದ ಮೂತ್ರಪಿಂಡದ ಕೋಶಕ್ಕೆ ಅಡಿನೋವೈರಸ್ಸಿನ ಡಿಎನ್‌ಎ ತುಣುಕು ಸೇರಿಸಿ ರೂಪಿಸಲಾಯಿತು. ನಮ್ಮ ದೇಶದ ಲ್ಯಾಬ್‌ಗಳಿಗೆ ಇಂಥ ಸೆಲ್ ಲೈನ್‌ಗಳನ್ನು ಒದಗಿಸುವ ಮುಖ್ಯ ಭಂಡಾರ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿದೆ. ಬೆಂಗಳೂರಿನ ಹಲವು ಕಾಲೇಜುಗಳಿಗೂ ಹೀಲಾ, ಎಂಸಿಎಫ್-7ನಂಥ ಕೋಶಗಳು ಬರುವುದು ಅಲ್ಲಿಂದಲೇ.

ಮುಟ್ಟಿದರೆ ಕ್ಯಾನ್ಸರ್ ಬರುತ್ತದೆಯೇ?

ಇಲ್ಲ. ಫ್ಲಾಸ್ಕಿನಲ್ಲಿರುವ ಕೋಶಗಳಿಗೆ 37 ಡಿಗ್ರಿ ಸೆಲ್ಸಿಯಸ್ ಬಿಸಿ, ಪೋಷಕ ದ್ರವ, ಹದವಾದ ಕಾರ್ಬನ್ ಡೈಆಕ್ಸೈಡ್ ಬೇಕು. ಚರ್ಮದ ಮೇಲೆ ಒಂದು ಹನಿ ಬಿದ್ದರೆ ಅದು ಒಣಗುವಾಗಲೇ ಕೋಶಗಳು ಸಾಯುತ್ತವೆ. ಗಾಯವಿಲ್ಲದ ಚರ್ಮವನ್ನು ದಾಟಿ ಒಳಗೆ ಹೋಗುವ ಶಕ್ತಿಯೂ ಅವಕ್ಕಿಲ್ಲ. ಒಂದು ವೇಳೆ ಒಳಗೆ ಹೋದರೂ ಅವು ಬೇರೊಬ್ಬರ ಕೋಶಗಳು. ಬೇರೆಯವರ ಮೂತ್ರಪಿಂಡ ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸದಿರಲಿ ಎಂದು ಜೀವನಪೂರ್ತಿ ಔಷಧಿ ನುಂಗಬೇಕಾಗುತ್ತದಲ್ಲ, ಅದೇ ರೋಗನಿರೋಧಕ ವ್ಯವಸ್ಥೆ ಇಲ್ಲಿ ನಮ್ಮ ಪರವಾಗಿ ನಿಲ್ಲುತ್ತದೆ. ಕೋಶದ ಮೇಲ್ಮೈಯ ಗುರುತು ತನ್ನದಲ್ಲ ಎಂದು ತಿಳಿದು ಅದನ್ನು ಕೊಲ್ಲುತ್ತದೆ.

(ಪ್ರಾಣಿಗಳಲ್ಲಿ ಕ್ಯಾನ್ಸರ್ ಕೋಶವೇ ಒಬ್ಬರಿಂದ ಒಬ್ಬರಿಗೆ ಹರಡುವ ಅಪರೂಪದ ಉದಾಹರಣೆಗಳಿವೆ. ಬೀದಿನಾಯಿಗಳ ಜನನಾಂಗದಲ್ಲಿ ಕಾಣುವ ಒಂದು ಬಗೆಯ ಗಡ್ಡೆ, ಟಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಯ ಮುಖದ ಗಡ್ಡೆ ಹಾಗೆ ಹರಡುತ್ತವೆ. ಮನುಷ್ಯರಲ್ಲಿ ಹೀಗೆ ಊರಿಂದೂರಿಗೆ ಹರಡುವ ಕ್ಯಾನ್ಸರ್ ಇಲ್ಲ.)

ಇದನ್ನು ಮನುಷ್ಯರ ಮೇಲೆಯೇ ಪ್ರಯೋಗ ಮಾಡಿ ನೋಡಿದ್ದೂ ಉಂಟು. ಅದು ವೈದ್ಯಕೀಯ ಇತಿಹಾಸದ ನಾಚಿಕೆಗೇಡಿನ ಪುಟಗಳಲ್ಲಿ ಒಂದು. 1950ರ ದಶಕದಲ್ಲಿ ಅಮೆರಿಕದ ವೈದ್ಯ ಚೆಸ್ಟರ್ ಸೌಥಮ್ ಕ್ಯಾನ್ಸರ್ ರೋಗಿಗಳಿಗೆ, ಆಮೇಲೆ ಓಹಿಯೋ ಜೈಲಿನ ಕೈದಿಗಳಿಗೆ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. 1963ರಲ್ಲಿ ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ 22 ರೋಗಿಗಳಿಗೆ, ಚುಚ್ಚುತ್ತಿರುವುದು ಕ್ಯಾನ್ಸರ್ ಕೋಶ ಎಂದು ಹೇಳದೆಯೇ ಹಾಗೆ ಮಾಡಲಾಯಿತು. ಆರೋಗ್ಯವಂತ ಕೈದಿಗಳಲ್ಲಿ ಎದ್ದ ಗಂಟುಗಳು ಕೆಲವು ವಾರಗಳಲ್ಲಿ ಕರಗಿದವು. ಕ್ಯಾನ್ಸರ್‌ನಿಂದ ಮೊದಲೇ ಬಳಲಿದ್ದವರಲ್ಲಿ ಕರಗಲು ಹೆಚ್ಚು ಸಮಯ ಹಿಡಿಯಿತು, ಕೆಲವರಲ್ಲಿ ಬೆಳೆದವು ಕೂಡ.

ಹಾಗಾದರೆ ಆರೋಗ್ಯವಂತರು ನಿಶ್ಚಿಂತರಾಗಿರಬಹುದೇ? ಪೂರ್ತಿಯಾಗಿ ಅಲ್ಲ. 1986ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಸಣ್ಣ ಪತ್ರ ಪ್ರಕಟವಾಯಿತು. 19 ವರ್ಷದ ಲ್ಯಾಬ್ ಉದ್ಯೋಗಿಯೊಬ್ಬರು ಇಲಿಗೆ ಚುಚ್ಚಬೇಕಿದ್ದ ಕರುಳಿನ ಕ್ಯಾನ್ಸರ್ ಕೋಶಗಳಿದ್ದ ಸೂಜಿಯನ್ನು ಆಕಸ್ಮಿಕವಾಗಿ ತಮ್ಮ ಕೈಗೇ ಚುಚ್ಚಿಕೊಂಡಿದ್ದರು. ಆ ಜಾಗದಲ್ಲಿ ಗಡ್ಡೆ ಬೆಳೆಯಿತು, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಹತ್ತು ವರ್ಷದ ನಂತರ, 1996ರಲ್ಲಿ, ಅದೇ ಪತ್ರಿಕೆಯಲ್ಲಿ ಒಬ್ಬ ಶಸ್ತ್ರಚಿಕಿತ್ಸಕರ ಪ್ರಕರಣ ಬಂತು. ರೋಗಿಯ ಗಡ್ಡೆ ತೆಗೆಯುವಾಗ ಅವರ ಅಂಗೈಗೆ ಗಾಯವಾಗಿತ್ತು. ಐದು ತಿಂಗಳ ಬಳಿಕ ಅಲ್ಲಿ ಎದ್ದ ಗಡ್ಡೆಯ ಕೋಶಗಳು ಆ ರೋಗಿಯವೇ ಎಂದು ಜೀನ್ ಪರೀಕ್ಷೆ ತೋರಿಸಿತು.

ಇಂಥ ವರದಿಗಳು ಬೆರಳೆಣಿಕೆಯಷ್ಟು. ಏಳು ದಶಕಗಳಿಂದ ಪ್ರಪಂಚದಾದ್ಯಂತ ನಡೆಯುತ್ತಿರುವ ಸೆಲ್ ಕಲ್ಚರ್ ಕೆಲಸಕ್ಕೆ ಹೋಲಿಸಿದರೆ ಇದು ತೀರಾ ವಿರಳ. ಆದರೆ ಎರಡೂ ಪ್ರಕರಣಗಳಲ್ಲಿ ಕೋಶಗಳು ಒಳಹೊಕ್ಕ ದಾರಿಯನ್ನು ಗಮನಿಸಿ: ಸ್ಪರ್ಶದಿಂದಲ್ಲ, ಉಸಿರಿನಿಂದಲ್ಲ, ಗಾಯದಿಂದ. ಆದ್ದರಿಂದಲೇ ಸೆಲ್ ಕಲ್ಚರ್‌ನಲ್ಲಿ ಸೂಜಿ, ಬ್ಲೇಡ್, ಗಾಜಿನ ಪಿಪೆಟ್‌ಗಳನ್ನು ಸಾಧ್ಯವಾದಷ್ಟೂ ದೂರವಿಡಿ ಎನ್ನುವುದು. ಪ್ಲಾಸ್ಟಿಕ್ ಪಿಪೆಟ್‌ನಲ್ಲಿ ಆಗುವ ಕೆಲಸಕ್ಕೆ ಸೂಜಿ ಬೇಡ. ಸೂಜಿ ಬಳಸಲೇಬೇಕಾದರೆ ಅದಕ್ಕೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು.

ಇದೇ ಕಾರಣಕ್ಕೆ ಇನ್ನೊಂದು ನಿಯಮವೂ ಇದೆ, ಹೊಸಬರಿಗೆ ಇದು ವಿಚಿತ್ರ ಎನಿಸುತ್ತದೆ: ನಿಮ್ಮದೇ ರಕ್ತದ ಅಥವಾ ಅಂಗಾಂಶದ ಕೋಶಗಳನ್ನು ನೀವೇ ಬೆಳೆಸಿ ಪ್ರಯೋಗ ಮಾಡಬಾರದು. "ನನ್ನದೇ ರಕ್ತ, ನನಗೇನು ಸೋಂಕು?" ಎನ್ನುವ ತರ್ಕ ಸುಲಭವಾಗಿ ಹೊಳೆಯುತ್ತದೆ. ಆದರೆ ನಿಮ್ಮ ಕೋಶಕ್ಕೆ ಕ್ಯಾನ್ಸರ್ ಜೀನ್ ಸೇರಿಸಿ, ಅದು ಆಕಸ್ಮಿಕವಾಗಿ ನಿಮ್ಮ ದೇಹಕ್ಕೇ ಮರಳಿದರೆ, ನಿಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಮನೆಯವರೆಂದೇ ತಿಳಿದು ಸುಮ್ಮನೆ ಬಿಟ್ಟುಬಿಡಬಹುದು. ಬೇರೆಯವರ ಕೋಶದ ವಿಷಯದಲ್ಲಿ ನಮ್ಮನ್ನು ಕಾಯುವ ಆ ತಡೆಗೋಡೆಯೇ ಇಲ್ಲಿ ಇರುವುದಿಲ್ಲ. ಸ್ನೇಹಿತರ ರಕ್ತವಾದರೆ ಅಡ್ಡಿಯಿಲ್ಲವೇ ಎಂದರೆ, ಒಂದೇ ಲ್ಯಾಬಿನವರ ರಕ್ತ ತೆಗೆಯುವುದಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ಕೋಶದ ಜೊತೆ ಬರುವವರು

ನಿಜವಾದ ಚಿಂತೆ ಕೋಶದ ಒಳಗೆ ಕುಳಿತು ಬರುವ ಸೂಕ್ಷ್ಮಜೀವಿಗಳದ್ದು. ಪ್ರತಿ ಮಾನವ ಸೆಲ್ ಲೈನ್‌ಗೂ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನಲ್ಲಿದ್ದ ವೈರಸ್ ಕೋಶದಲ್ಲೂ ಇರಬಹುದು. ಹೀಲಾ ಕೋಶದ ಡಿಎನ್‌ಎಯಲ್ಲಿ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ-18 ವೈರಸ್ಸಿನ ಭಾಗ ಸೇರಿಕೊಂಡಿದೆ. ಆದರೆ ಅದು ಮುರಿದ ತುಣುಕು, ಅದರಿಂದ ಪೂರ್ಣ ವೈರಸ್ ಹೊರಬರುವುದಿಲ್ಲ. ಯಕೃತ್ತಿನ ಕ್ಯಾನ್ಸರ್‌ನಿಂದ ಬಂದ ಪಿಎಲ್‌ಸಿ/ಪಿಆರ್‌ಎಫ್/5 ಎಂಬ ಸೆಲ್ ಲೈನ್ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಹೊರಹಾಕುತ್ತದೆ, ವೈರಸ್ಸನ್ನಲ್ಲ. ಹೆಪ್‌ಜಿ2.2.15 ಎಂಬುದು ಹಾಗಲ್ಲ. ಸಂಶೋಧನೆಗೆಂದೇ ರೂಪಿಸಿದ ಈ ಕೋಶ ಪೂರ್ಣ ಹೆಪಟೈಟಿಸ್ ಬಿ ವೈರಸ್ಸನ್ನೇ ತಯಾರಿಸಿ ದ್ರವಕ್ಕೆ ಬಿಡುತ್ತದೆ. ಎಂಟಿ-2 ಎಂಬ ರಕ್ತಕೋಶದ ಲೈನ್ ರಕ್ತದ ಕ್ಯಾನ್ಸರ್ ತರಬಲ್ಲ ಎಚ್‌ಟಿಎಲ್‌ವಿ-1 ವೈರಸ್ಸನ್ನು ಬಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿ ಇವುಗಳಲ್ಲಿ ಯಾವುದು ವೈರಸ್ ಬಿಡುತ್ತಿದೆ, ಯಾವುದು ಬಿಡುತ್ತಿಲ್ಲ ಎಂದು ಹೇಳಲಾಗದು.

"ಟೆಸ್ಟ್ ಆಗಿರುತ್ತದಲ್ಲ?" ಹೌದು, ಭಂಡಾರಗಳು ಪರೀಕ್ಷೆ ಮಾಡುತ್ತವೆ. ಆದರೆ ಪರೀಕ್ಷೆ ಎನ್ನುವುದು ನಾವು ಹೆಸರಿಸಿ ಹುಡುಕಿದ ವೈರಸ್ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ. ಹೆಸರೇ ಗೊತ್ತಿಲ್ಲದ ವೈರಸ್ಸನ್ನು ಹುಡುಕುವುದು ಹೇಗೆ? ಇದಕ್ಕೆ 22ಆರ್‌ವಿ1 ಎಂಬ ಸೆಲ್ ಲೈನ್‌ನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇದು ಪ್ರಾಸ್ಟೇಟ್ ಕ್ಯಾನ್ಸರ್‌ನ ಸೆಲ್ ಲೈನ್. ಒಬ್ಬ ರೋಗಿಯ ಗಡ್ಡೆಯನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಬೆಳೆಸಿ, 1999ರಲ್ಲಿ ಇದನ್ನು ರೂಪಿಸಲಾಯಿತು. ಅನೇಕ ಲ್ಯಾಬ್‌ಗಳು ಬಳಸಿದವು. 2006ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಎಕ್ಸ್‌ಎಂಆರ್‌ವಿ ಎಂಬ ಹೊಸ ರೆಟ್ರೋವೈರಸ್ ಸಿಕ್ಕಿದೆ ಎಂಬ ಸುದ್ದಿ ಬಂತು. 2009ರಲ್ಲಿ ಸೈನ್ಸ್ ಪತ್ರಿಕೆಯ ಒಂದು ಪ್ರಬಂಧ, ವರ್ಷಗಟ್ಟಲೆ ಕಾಡುವ ಅತಿಯಾದ ದಣಿವಿನ ಕಾಯಿಲೆಗೂ ಈ ವೈರಸ್ಸಿಗೂ ನಂಟಿದೆ ಎಂದಿತು. ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳು ಆ ಕಾಯಿಲೆಯವರಿಂದ ರಕ್ತದಾನ ಪಡೆಯುವುದನ್ನೇ ನಿಲ್ಲಿಸಿದವು. ರೋಗಿಗಳು ಭರವಸೆಯಿಂದ ಪರೀಕ್ಷೆ ಮಾಡಿಸಿಕೊಂಡರು, ಕೆಲವರು ಎಚ್‌ಐವಿ ಔಷಧಿಗಳನ್ನೂ ತೆಗೆದುಕೊಂಡರು. ಇದರ ನಡುವೆ 22ಆರ್‌ವಿ1 ಕೋಶಗಳೇ ಈ ವೈರಸ್ಸನ್ನು ಧಾರಾಳವಾಗಿ ಹೊರಬಿಡುತ್ತಿವೆ ಎಂಬುದು ಪತ್ತೆಯಾಯಿತು. ಗಡ್ಡೆಯನ್ನು ಇಲಿಗಳಲ್ಲಿ ಬೆಳೆಸಿದ್ದಾಗ ಇಲಿಯ ಡಿಎನ್‌ಎಯಲ್ಲಿದ್ದ ಎರಡು ವೈರಸ್ ತುಣುಕುಗಳು ಕೂಡಿ ಈ ವೈರಸ್ ಹುಟ್ಟಿಕೊಂಡಿತ್ತು ಎಂದು 2011ರಲ್ಲಿ ತೋರಿಸಲಾಯಿತು. ಅಂದರೆ ಅದು ರೋಗಿಗಳಲ್ಲಿದ್ದ ವೈರಸ್ಸೇ ಅಲ್ಲ, ಲ್ಯಾಬಿನಲ್ಲಿ ಹುಟ್ಟಿ ಮಾದರಿಗಳಿಗೆ ಬೆರೆತದ್ದು. ಸೈನ್ಸ್ ಪತ್ರಿಕೆ ಅದೇ ವರ್ಷ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು.

ಈ ವೈರಸ್‌ನಿಂದ ಯಾರಿಗೂ ಕಾಯಿಲೆ ಬಂದದ್ದು ಸಾಬೀತಾಗಿಲ್ಲ. ಆದರೆ ತಟ್ಟೆಯಲ್ಲಿ ಅದು ಮಾನವ ಕೋಶಗಳಿಗೆ ಸೋಂಕು ತಗುಲಿಸಬಲ್ಲದು. ಸುಮಾರು ಹತ್ತು ವರ್ಷ ಈ ಕೋಶಗಳ ಜೊತೆ ಕೆಲಸ ಮಾಡಿದವರಿಗೆ ತಮ್ಮ ಫ್ಲಾಸ್ಕಿನಲ್ಲಿ ಹೀಗೊಂದು ವೈರಸ್ ಇದೆ ಎಂಬ ಸುಳಿವೂ ಇರಲಿಲ್ಲ.

ಇನ್ನು ಕೋಶದ ಹೆಸರೇ ತಪ್ಪಾಗಿರುವುದೂ ಅಪರೂಪವಲ್ಲ. ಸ್ಟಾನ್ಲಿ ಗಾರ್ಟ್ಲರ್ 1966ರಲ್ಲಿಯೇ, ಬೇರೆ ಬೇರೆ ಎಂದುಕೊಂಡಿದ್ದ 18 ಸೆಲ್ ಲೈನ್‌ಗಳು ಹೀಲಾ ಬೆರೆತು ಹೀಲಾವೇ ಆಗಿಬಿಟ್ಟಿವೆ ಎಂದು ಹೇಳಿದಾಗ ಹಲವರಿಗೆ ಸಿಟ್ಟು ಬಂದಿತ್ತು. ಈಗ ಇಂಥ ತಪ್ಪು ಗುರುತಿನ ಸೆಲ್ ಲೈನ್‌ಗಳ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ, ಅದರಲ್ಲಿ ನೂರಾರು ಹೆಸರುಗಳಿವೆ. ಪಕ್ಕದ ಲ್ಯಾಬಿನ ಸೀನಿಯರ್ ಸ್ನೇಹದಿಂದ ಕೊಟ್ಟ ಟ್ಯೂಬಿನಲ್ಲಿ ನಿಜವಾಗಿ ಯಾವ ಕೋಶವಿದೆ ಎಂಬುದು ಗೊತ್ತಿಲ್ಲದಿದ್ದರೆ, ಅದರಲ್ಲಿ ಯಾವ ವೈರಸ್ ಇರಬಹುದು ಎಂಬುದೂ ಗೊತ್ತಿರುವುದಿಲ್ಲ. ಎಸ್‌ಟಿಆರ್ ಎಂಬ ಡಿಎನ್‌ಎ ಬೆರಳಚ್ಚು ಪರೀಕ್ಷೆಯನ್ನು ಪ್ರಬಂಧ ಪ್ರಕಟಿಸಲು ಬೇಕಾದ ಒಂದು ಕಾಗದ ಎಂದು ಭಾವಿಸುವವರಿದ್ದಾರೆ. ನನ್ನ ಪ್ರಕಾರ ಅದು ಸುರಕ್ಷತೆಯ ಪರೀಕ್ಷೆಯೂ ಹೌದು.

ಆದ್ದರಿಂದ ಎಲ್ಲೆಡೆ ಪಾಲಿಸುವ ಕ್ರಮ ಇಷ್ಟು: ಯಾವುದೇ ಮಾನವ ಕೋಶವನ್ನು, ಅದು ಎಷ್ಟೇ ಪರಿಚಿತವಾಗಿರಲಿ, ಅಪರಿಚಿತರೊಬ್ಬರ ರಕ್ತವನ್ನು ಮುಟ್ಟುವಾಗಿನ ಎಚ್ಚರದಿಂದಲೇ ಮುಟ್ಟಬೇಕು. ಲ್ಯಾಬ್ ಭಾಷೆಯಲ್ಲಿ ಇದು ಬಯೋಸೇಫ್ಟಿ ಲೆವೆಲ್ 2. ಅಮೆರಿಕದ ಸಿಡಿಸಿ ಮತ್ತು ಎನ್‌ಐಎಚ್ ಕೈಪಿಡಿ ಮಾನವ ಕೋಶಗಳಿಗೆ ಇದನ್ನೇ ಶಿಫಾರಸು ಮಾಡುತ್ತದೆ. ನಮ್ಮಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇದೆ. ಜೀನ್ ಬದಲಾಯಿಸುವ ಕೆಲಸವಾದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆಯೂ ಹೋಗಬೇಕು. ಕೆಲಸ ಶುರುಮಾಡುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಆರು ತಿಂಗಳು ಬೇಕಾಗುವುದರಿಂದ ಪ್ರಾಜೆಕ್ಟ್ ಶುರುವಾದ ಮೇಲೆ ನೆನಪಿಸಿಕೊಂಡರೆ ತಡವಾಗುತ್ತದೆ.

ಎಲ್ಲವೂ "ಲ್ಯಾಮಿನಾರ್" ಅಲ್ಲ

ನಮ್ಮ ಲ್ಯಾಬ್‌ಗಳಲ್ಲಿ ಗಾಜಿನ ಮುಂಬಾಗಿಲಿರುವ, ಗಾಳಿ ಬೀಸುವ ಪೆಟ್ಟಿಗೆಯನ್ನೆಲ್ಲ "ಲ್ಯಾಮಿನಾರ್" ಎಂದು ಕರೆಯುವ ರೂಢಿ ಇದೆ. ಈ ಒಂದು ಪದ ಸಾಕಷ್ಟು ಗೊಂದಲ ಮಾಡಿದೆ. ಅಡ್ಡ ಗಾಳಿಯ ಲ್ಯಾಮಿನಾರ್ ಹುಡ್ ಶುದ್ಧ ಗಾಳಿಯನ್ನು ಹಿಂಗೋಡೆಯಿಂದ ನಿಮ್ಮ ಕಡೆಗೆ ಬೀಸುತ್ತದೆ. ಕೋಶಗಳಿಗೆ ಧೂಳು, ಬ್ಯಾಕ್ಟೀರಿಯಾ ತಗುಲದಂತೆ ಕಾಯುವುದು ಅದರ ಕೆಲಸ. ಆದರೆ ಫ್ಲಾಸ್ಕಿನಿಂದ ಏಳುವ ಸೂಕ್ಷ್ಮ ಹನಿಗಳು ನೇರ ನಿಮ್ಮ ಮುಖಕ್ಕೇ ಬರುತ್ತವೆ. ಸಸ್ಯ ಅಂಗಾಂಶ ಕೃಷಿಗೆ ಇದು ಸರಿ, ಮಾನವ ಕೋಶಕ್ಕೆ ಇದನ್ನು ಬಳಸಲೇಬಾರದು.

ಮಾನವ ಕೋಶಕ್ಕೆ ಬೇಕಾದದ್ದು ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್. ಇದರಲ್ಲಿ ಶುದ್ಧ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಕೋಣೆಯ ಗಾಳಿ ಮುಂದಿನ ಜಾಲರಿಯ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ, ಹೊರಹೋಗುವ ಗಾಳಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾದಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ದಾಟಿಯೇ ಹೋಗುತ್ತದೆ. ನಿಮ್ಮ ಮತ್ತು ಫ್ಲಾಸ್ಕಿನ ನಡುವೆ ಗಾಳಿಯದೇ ಒಂದು ಪರದೆ ಇರುತ್ತದೆ. ಆದರೆ ಈ ಪರದೆಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಮಾತ್ರ, ನಾವು ನಿಧಾನವಾಗಿ ನಡೆಯುವುದಕ್ಕಿಂತಲೂ ಕಡಿಮೆ. ಕೈಯನ್ನು ಪಟಪಟ ಒಳಗೆ ಹೊರಗೆ ಆಡಿಸಿದರೆ, ಬೆನ್ನ ಹಿಂದೆ ಯಾರಾದರೂ ಓಡಾಡಿದರೆ, ಮುಂದಿನ ಜಾಲರಿಯ ಮೇಲೆ ನೋಟ್‌ಬುಕ್ ಇಟ್ಟರೆ ಅದು ಹರಿದುಹೋಗುತ್ತದೆ. ಒಳಗೆ ಸ್ಪಿರಿಟ್ ದೀಪ ಹಚ್ಚುವುದು ಹಳೆಯ ಅಭ್ಯಾಸ. ಬಿಸಿ ಗಾಳಿ ಮೇಲೇಳುವುದರಿಂದ ಕೆಳಕ್ಕೆ ಇಳಿಯಬೇಕಾದ ಗಾಳಿಯ ಓಟವೇ ಕೆಡುತ್ತದೆ, ಜೊತೆಗೆ ಪಕ್ಕದಲ್ಲೇ ಇಥೆನಾಲ್ ಬಾಟಲಿ ಇರುತ್ತದೆ. "ದೀಪ ಹಚ್ಚಬೇಡಿ" ಎಂದಷ್ಟೇ ಬರೆದ ಚೀಟಿಗಳನ್ನು ಅನೇಕ ಕ್ಯಾಬಿನೆಟ್‌ಗಳ ಮೇಲೆ ಕಾಣಬಹುದು. ಯಾಕೆ ಎಂಬ ಒಂದು ಸಾಲನ್ನು ಅದರ ಕೆಳಗೆ ಬರೆದಿದ್ದರೆ ಪಾಲಿಸುವವರು ಹೆಚ್ಚಿರುತ್ತಿದ್ದರು.

ನೇರಳಾತೀತ ದೀಪ ಉರಿಸಿಟ್ಟರೆ ಎಲ್ಲ ಶುದ್ಧ ಎಂಬ ನಂಬಿಕೆಯೂ ಇದೆ. ಆ ಬೆಳಕು ನೇರವಾಗಿ ಬಿದ್ದ ಮೇಲ್ಮೈಗೆ ಮಾತ್ರ ಕೆಲಸ ಮಾಡುತ್ತದೆ, ಧೂಳು ಕುಳಿತ ದೀಪ ಅದನ್ನೂ ಮಾಡುವುದಿಲ್ಲ. ಸೋಂಕುನಿವಾರಕ ಹಾಕಿ ಒರೆಸುವುದಕ್ಕೆ ಅದು ಬದಲಿಯಲ್ಲ. ಬಾಯಿಯಿಂದ ಪಿಪೆಟ್ ಎಳೆಯುವ ಕಾಲ ಮುಗಿದಿದೆ, ಆ ಬಗ್ಗೆ ಹೇಳಬೇಕಾದದ್ದೇನಿಲ್ಲ. ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ತೆಗೆಯುವುದು ಮಾತ್ರ ಈ ಕಾಲದ ತೊಂದರೆ.

ದ್ರವ ಸಾರಜನಕ ಮತ್ತು ಬ್ಲೀಚ್

ಕೋಶಗಳನ್ನು ವರ್ಷಗಟ್ಟಲೆ ಉಳಿಸುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ದ್ರವದೊಳಗೆ ಮುಳುಗಿಸಿಟ್ಟ ಟ್ಯೂಬಿನ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾರಜನಕ ಒಳಗೆ ಸೇರುತ್ತದೆ. ಟ್ಯೂಬನ್ನು ಹೊರತೆಗೆದು ಬೆಚ್ಚಗಿನ ನೀರಿಗೆ ಹಾಕಿದಾಗ ಆ ದ್ರವ ಸುಮಾರು 700 ಪಟ್ಟು ಹಿಗ್ಗಿ ಅನಿಲವಾಗುತ್ತದೆ, ಟ್ಯೂಬ್ ಪಟಾಕಿಯಂತೆ ಸಿಡಿಯಬಹುದು. ಆಗ ಕಣ್ಣಿಗೆ ಹಾರುವುದು ಪ್ಲಾಸ್ಟಿಕ್ ಚೂರಷ್ಟೇ ಅಲ್ಲ, ಕೋಶಗಳೂ ಹೌದು. ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಶೀಲ್ಡ್ ಬೇಕು. ಟ್ಯೂಬುಗಳನ್ನು ದ್ರವದಲ್ಲಿ ಮುಳುಗಿಸದೆ ಅದರ ಮೇಲಿನ ಆವಿಯಲ್ಲಿ ಇಡುವುದು ಇನ್ನೂ ಒಳ್ಳೆಯದು. ಒಂದು ಟ್ಯೂಬಿನಿಂದ ಸೋರಿದ ವೈರಸ್ ದ್ರವದ ಮೂಲಕ ಇನ್ನೊಂದಕ್ಕೆ ಹೋಗುವುದೂ ಇದರಿಂದ ಕಡಿಮೆಯಾಗುತ್ತದೆ. 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆ ವರದಿ ಮಾಡಿದ ಪ್ರಕರಣದಲ್ಲಿ ಹೀಗೆ ಒಂದೇ ಟ್ಯಾಂಕಿನಲ್ಲಿ ಇಟ್ಟಿದ್ದ ಕೋಶಗಳ ಮೂಲಕ ರೋಗಿಗಳಿಗೆ ಹೆಪಟೈಟಿಸ್ ಬಿ ತಗುಲಿತ್ತು. ಟ್ಯಾಂಕ್ ಇರುವ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಕೆಲಸ ಮಾಡಬಾರದು. ಆವಿಯಾದ ಸಾರಜನಕ ಆಮ್ಲಜನಕವನ್ನು ಹೊರದೂಡುತ್ತದೆ, ಅದಕ್ಕೆ ವಾಸನೆಯಿಲ್ಲ, ಉಸಿರುಗಟ್ಟುತ್ತಿದೆ ಎಂದು ತಿಳಿಯುವ ಮೊದಲೇ ಎಚ್ಚರ ತಪ್ಪಬಹುದು.

ಕೋಶ ಬೆಳೆದ ದ್ರವವನ್ನು ಹಾಗೆಯೇ ಸಿಂಕಿಗೆ ಸುರಿಯುವಂತಿಲ್ಲ. ಹತ್ತರಲ್ಲಿ ಒಂದು ಭಾಗ ಬ್ಲೀಚ್ ಆಗುವಂತೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ನೀರು ಬೆರೆಸಿದ ಬ್ಲೀಚ್ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಹೋದ ವಾರದ ಬಾಟಲಿಯನ್ನು ನಂಬಬೇಡಿ. ಬ್ಲೀಚ್ ಹಾಕಿದ್ದನ್ನು ಆಟೋಕ್ಲೇವ್‌ಗೆ ಇಡಬಾರದು, ಬಿಸಿಗೆ ವಿಷಕಾರಿ ಕ್ಲೋರಿನ್ ಅನಿಲ ಬಿಡುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕಲ್ಚರ್ ತ್ಯಾಜ್ಯವನ್ನು ಲ್ಯಾಬಿನಲ್ಲೇ ಸೋಂಕುರಹಿತ ಮಾಡಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ಕನ್ನು ಕೆಂಪಿಗೆ, ಸೂಜಿ ಬ್ಲೇಡ್‌ಗಳನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. ಇದು ಪೌರಕಾರ್ಮಿಕರ ಪ್ರಶ್ನೆಯೂ ಹೌದು. ಲ್ಯಾಬಿನ ಸೂಜಿ ಮಾಮೂಲಿ ಕಸದಲ್ಲಿ ಹೋದರೆ ಅದು ಚುಚ್ಚುವುದು ಗ್ಲೌಸ್ ಕೂಡ ಇಲ್ಲದ ಕೈಗೆ.

ಚುಚ್ಚಿಕೊಂಡರೆ ಏನು ಮಾಡಬೇಕು?

ಗ್ಲೌಸ್ ತೆಗೆದು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ರಕ್ತ ಬರಲಿ ಎಂದು ಗಾಯವನ್ನು ಹಿಂಡಬೇಡಿ, ಬಾಯಲ್ಲಿಟ್ಟು ಚೀಪಬೇಡಿ, ಬ್ಲೀಚ್ ಸುರಿಯಬೇಡಿ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಅಗಲಿಸಿ 15 ನಿಮಿಷ ನೀರು ಹಾಯಿಸಿ. ಆಮೇಲೆ ಗೈಡ್‌ಗೆ ಅಥವಾ ಲ್ಯಾಬಿನ ಉಸ್ತುವಾರಿಗೆ ತಿಳಿಸಿ ಅದೇ ದಿನ ವೈದ್ಯರನ್ನು ಕಾಣಿ. ಬೈಗುಳಕ್ಕೆ ಹೆದರಿ ಮುಚ್ಚಿಡುವುದು ಸಾಮಾನ್ಯ, ಆದರೆ ಇಲ್ಲಿ ಸಮಯಕ್ಕೆ ಬೆಲೆಯಿದೆ. ಎಚ್‌ಐವಿ ಇರುವ ಮಾದರಿ ಎಂದು ಶಂಕೆಯಿದ್ದರೆ ತಡೆಗಟ್ಟುವ ಔಷಧಿಯನ್ನು 72 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಶುರುಮಾಡಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ತಡಮಾಡದೆ ಕೊಡುತ್ತಾರೆ. ಅಂದಿನ ರಕ್ತದ ಮಾದರಿಯೊಂದನ್ನು ತೆಗೆದಿಟ್ಟರೆ ಮುಂದಿನ ತಿಂಗಳುಗಳ ಪರೀಕ್ಷೆಗೆ ಹೋಲಿಕೆ ಸಿಗುತ್ತದೆ.

ವೈದ್ಯರ ಬಳಿ ಹೋಗುವಾಗ ಸೆಲ್ ಲೈನ್‌ನ ಹೆಸರು, ಅದು ಎಲ್ಲಿಂದ ಬಂತು, ಅದಕ್ಕೆ ಯಾವ ವೈರಸ್ ಅಥವಾ ಜೀನ್ ಸೇರಿಸಲಾಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತುರ್ತು ವಿಭಾಗದಲ್ಲಿರುವ ವೈದ್ಯರಿಗೆ ಎಚ್‌ಇಕೆ293 ಎಂದರೆ ಏನೆಂದು ಗೊತ್ತಿರಬೇಕೆಂದೇನಿಲ್ಲ.